ಮನೆಯ ಪೆಟ್ಟಿಗೆಗೊಂದು ಮೊಹರು

ಗೋಡೆಯ ಮೇಲೆ ಹಸಿರು ದೀಪಗಳನ್ನು ಮಿನುಗಿಸುತ್ತ ಕುಳಿತಿರುವ ರೌಟರ್ ಎಂಬ ಪೆಟ್ಟಿಗೆಯ ಪರಿಚಯವನ್ನು ಇಂದಿನ ವಿದ್ಯಾರ್ಥಿಗೆ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಂಥ ಊರುಗಳಲ್ಲಿಯೂ ಅನೇಕ ಮನೆಗಳಿಗೆ ಇಂಟರ್ನೆಟ್ ಬಂದಿದೆ. ಹೊರಗಿನಿಂದ ಬಂದ ಆ ಸಂಪರ್ಕವನ್ನು ಮನೆಯೊಳಗಿನ ಮೊಬೈಲು, ಕಂಪ್ಯೂಟರು, ಟಿ.ವಿ.ಗಳಿಗೆ ಹಂಚಿಕೊಡುವುದು ಈ ಪೆಟ್ಟಿಗೆಯ ಕೆಲಸ. ಕೆಲವರ ಮನೆಗಳಲ್ಲಿ ಇದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯೂ ಇರುವುದುಂಟು. ಮನೆಯವರ ಫೋಟೋಗಳನ್ನೂ, ಪಾಠದ ಟಿಪ್ಪಣಿಗಳನ್ನೂ, ಕಾಗದಪತ್ರಗಳ ಪ್ರತಿಗಳನ್ನೂ ಕೂಡಿಡುವ ಆ ಸಂಗ್ರಹದ ಪೆಟ್ಟಿಗೆಗೆ ನ್ಯಾಸ್ ಎಂದು ಹೆಸರು. ಇವುಗಳಿಗೆ ತಮ್ಮದೇ ಆದ ಪರದೆಯಾಗಲಿ ಕೀಲಿಮಣೆಯಾಗಲಿ ಇಲ್ಲ. ಇವುಗಳೊಡನೆ ಮಾತನಾಡಬೇಕಾದರೆ ಕಂಪ್ಯೂಟರಿನ ಬ್ರೌಸರಿನಲ್ಲಿ 192.168.1.1 ಎಂದೋ ಅಂಥದೇ ಇನ್ನೊಂದು ಅಂಕಿಗಳ ಸಾಲನ್ನೋ ಬರೆಯಬೇಕು. ಬರೆದೊಡನೆ ಅನೇಕ ವೇಳೆ ಮೊದಲು ಕಾಣಿಸಿಕೊಳ್ಳುವುದು ಒಂದು ಕೆಂಪು ಎಚ್ಚರಿಕೆ: ಈ ಸಂಪರ್ಕ ಸುರಕ್ಷಿತವಲ್ಲ, ನಿಮ್ಮ ಗುಪ್ತಪದವನ್ನು ಯಾರಾದರೂ ಕದಿಯಬಹುದು.

ಮನೆಯ ಹಿರಿಯರು ಇದನ್ನು ಕಂಡು ಗಾಬರಿಗೊಂಡು ಹಿಂದೆ ಸರಿಯುತ್ತಾರೆ. ಹುಡುಗರು ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ‘ಆದರೂ ಮುಂದುವರಿಯಿರಿ’ ಎಂಬುದನ್ನು ಒತ್ತಿ ಒಳಗೆ ಹೋಗುತ್ತಾರೆ. ಒಳಗೆ ಹೋದ ಮೇಲೆ ಯಾವ ಅನಾಹುತವೂ ಆಗುವುದಿಲ್ಲ. ಎರಡನೆಯ ಸಲ, ಮೂರನೆಯ ಸಲವೂ ಹಾಗೆಯೇ. ಕ್ರಮೇಣ ಮನಸ್ಸು ಒಂದು ಪಾಠವನ್ನು ಕಲಿತುಬಿಡುತ್ತದೆ: ಈ ಎಚ್ಚರಿಕೆ ಬರಿಯ ಬೆದರುಬೊಂಬೆ. ಅಪಾಯವಿರುವುದು ಇಲ್ಲಿಯೇ. ನಾಳೆ ಬ್ಯಾಂಕಿನ ಪುಟವೋ ವಿದ್ಯಾರ್ಥಿವೇತನದ ಪುಟವೋ ಅದೇ ಎಚ್ಚರಿಕೆಯನ್ನು ತೋರಿಸಿದಾಗ, ಅದು ನಿಜವಾಗಿಯೂ ಕಳ್ಳನ ಪುಟವಾಗಿದ್ದಾಗ, ಅದೇ ಬೆರಳು ಅದೇ ಗುಂಡಿಯನ್ನು ಒತ್ತುತ್ತದೆ. ಆದುದರಿಂದ ಮನೆಯ ಪೆಟ್ಟಿಗೆ ಏಕೆ ಈ ಎಚ್ಚರಿಕೆಯನ್ನು ಹುಟ್ಟಿಸುತ್ತದೆ, ಅದನ್ನು ನ್ಯಾಯವಾದ ರೀತಿಯಲ್ಲಿ ಹೋಗಲಾಡಿಸುವುದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದು ವ್ಯರ್ಥವಾದ ಶ್ರಮವಲ್ಲ.

ಬ್ರೌಸರಿನ ಮೂಲೆಯಲ್ಲಿ ಬೀಗದ ಚಿತ್ರವಿದ್ದರೆ ನಮ್ಮ ಮಾತು ಗುಟ್ಟಾಗಿ ಉಳಿಯುತ್ತದೆ ಎಂದು ಬಹುಮಂದಿ ತಿಳಿದಿದ್ದಾರೆ. ಇದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಯಲು ನಮ್ಮ ಭಾಗದ ರೈಲುದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸೇಡಂನಿಂದ ಶಹಾಬಾದಕ್ಕೆ ರೈಲಿನಲ್ಲಿ ಹೋಗುವವರು ಚಿತ್ತಾಪುರವನ್ನು ದಾಟಿ ವಾಡಿ ಜಂಕ್ಷನ್ನಿಗೆ ಬರಬೇಕು. ಅಲ್ಲಿಂದ ಮುಂಬಯಿಯ ಮಾರ್ಗವನ್ನು ಹಿಡಿಯಬೇಕು. 1874ರಲ್ಲಿ ನಿಜಾಮ ಸಂಸ್ಥಾನದ ರೈಲುಮಾರ್ಗ ಸಿಕಂದರಾಬಾದಿಗೆ ಹೊರಟದ್ದೂ ಈ ವಾಡಿಯಿಂದಲೇ. ಈಗ ಸೇಡಂನ ಹುಡುಗಿಯೊಬ್ಬಳು ಶಹಾಬಾದದಲ್ಲಿರುವ ತನ್ನ ಕಾಕಾನಿಗೆ ಗುಟ್ಟಿನ ಪತ್ರವೊಂದನ್ನು ಕಳುಹಿಸಬೇಕಾಗಿದೆಯೆಂದು ಭಾವಿಸಿ. ಕಾಕಾ ಒಂದು ತೆರೆದ ಬೀಗವನ್ನು ಅವಳಿಗೆ ಕಳುಹಿಸಿಕೊಡುತ್ತಾನೆ. ಅದರ ಕೀಲಿಕೈಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತಾನೆ. (ನಮ್ಮ ಕಡೆ ಬೀಗಕ್ಕೇ ಕೀಲಿ ಎನ್ನುವುದುಂಟು, ಗೊಂದಲವಾಗದಿರಲೆಂದು ಇಲ್ಲಿ ಬೀಗ, ಕೀಲಿಕೈ ಎಂದೇ ಬರೆಯುತ್ತೇನೆ.) ಹುಡುಗಿ ಪತ್ರವನ್ನು ಡಬ್ಬಿಯಲ್ಲಿಟ್ಟು, ಬೀಗವನ್ನು ಒತ್ತಿ ಮುಚ್ಚಿ, ರೈಲಿಗೆ ಹಾಕುತ್ತಾಳೆ. ಇನ್ನು ಅದನ್ನು ಕಾಕಾನ ಹೊರತು ಯಾರೂ ತೆರೆಯಲಾರರು. ಬೀಗವನ್ನು ಒತ್ತಿದ ಅವಳಿಂದಲೂ ಅದು ಸಾಧ್ಯವಿಲ್ಲ.

ಇದು ಬಲು ಚೆಲುವಾದ ಉಪಾಯ. ಆದರೆ ವಾಡಿಯಲ್ಲಿ ಒಬ್ಬ ಕಿಲಾಡಿ ಕುಳಿತಿದ್ದಾನೆನ್ನೋಣ. (ವಾಡಿಯವರು ಕೋಪಿಸಿಕೊಳ್ಳಬಾರದು, ಜಂಕ್ಷನ್ ಅಲ್ಲಿರುವುದರಿಂದ ಈ ಪಾತ್ರ ಆ ಊರಿನ ಪಾಲಿಗೆ ಬಂದಿದೆ, ಅಷ್ಟೆ.) ಅವನು ಕಾಕಾ ಕಳುಹಿಸಿದ ಬೀಗವನ್ನು ದಾರಿಯಲ್ಲಿ ಎತ್ತಿಟ್ಟುಕೊಂಡು, ಅದರ ಬದಲಿಗೆ ತನ್ನದೊಂದು ಬೀಗವನ್ನು ಸೇಡಂಗೆ ಕಳುಹಿಸುತ್ತಾನೆ. ಹುಡುಗಿ ಅದನ್ನೇ ಕಾಕಾನ ಬೀಗವೆಂದು ನಂಬಿ ಡಬ್ಬಿಗೆ ಹಾಕುತ್ತಾಳೆ. ಡಬ್ಬಿ ವಾಡಿಗೆ ಬಂದಾಗ ಇವನು ತನ್ನ ಕೀಲಿಕೈಯಿಂದ ಅದನ್ನು ತೆರೆದು, ಪತ್ರವನ್ನು ಓದಿ, ಬೇಕಾದರೆ ತಿದ್ದಿ, ಕಾಕಾನ ನಿಜವಾದ ಬೀಗವನ್ನು ಹಾಕಿ ಶಹಾಬಾದಕ್ಕೆ ಸಾಗಿಸುತ್ತಾನೆ. ದಾರಿಯ ಎರಡು ಭಾಗಗಳಲ್ಲಿಯೂ ಡಬ್ಬಿಗೆ ಬೀಗವಿತ್ತು. ಎರಡು ಬೀಗಗಳೂ ಗಟ್ಟಿಯಾದವೇ. ಆದರೂ ಗುಟ್ಟು ಉಳಿಯಲಿಲ್ಲ. ದೋಷ ಬೀಗದಲ್ಲಿ ಇರಲಿಲ್ಲ. ಅದು ಯಾರ ಬೀಗವೆಂಬುದನ್ನು ಹುಡುಗಿ ತಿಳಿಯದೆ ಇದ್ದುದೇ ದೋಷ.

ಮನೆಯೊಳಗಿನ ಜಾಲದಲ್ಲಿ ಇಂಥ ಕಿಲಾಡಿ ಎಲ್ಲಿಂದ ಬಂದಾನು ಎಂದು ಕೇಳಬಹುದು. ಪಕ್ಕದ ಮನೆಯವರಿಗೆ ನಾವು ವೈ-ಫೈ ಗುಪ್ತಪದವನ್ನು ಕೊಟ್ಟಿರುತ್ತೇವೆ. ಬಂದ ನೆಂಟರ ಮೊಬೈಲಿನಲ್ಲಿ ದುಷ್ಟ ತಂತ್ರಾಂಶವೊಂದು ಸೇರಿಕೊಂಡಿರುತ್ತದೆ. ಅಗ್ಗದ ಕ್ಯಾಮೆರಾವೊಂದನ್ನು ಬಾಗಿಲಿಗೆ ತೂಗುಹಾಕಿರುತ್ತೇವೆ. ಇವುಗಳಲ್ಲಿ ಯಾವುದಾದರೂ ಒಂದು ‘192.168.1.1 ಎಂದರೆ ನಾನೇ’ ಎಂದು ಮನೆಯ ಜಾಲದಲ್ಲಿ ಕೂಗಿಕೊಂಡರೆ, ಉಳಿದ ಯಂತ್ರಗಳು ಸಾಮಾನ್ಯವಾಗಿ ಅದನ್ನು ನಂಬಿಬಿಡುತ್ತವೆ. ಮನೆಯ ಜಾಲದ ನಿಯಮಗಳು ರೂಪುಗೊಂಡದ್ದು ಎಲ್ಲರೂ ಸಜ್ಜನರೆಂಬ ನಂಬಿಕೆಯಿಂದ.

ಬೀಗ ಯಾರದೆಂದು ಹೇಳುವ ಪತ್ರವೇ ಪ್ರಮಾಣಪತ್ರ, ಎಂದರೆ ಸರ್ಟಿಫಿಕೇಟ್. ಈ ಬಗೆಯ ಪತ್ರ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಆ ಅರಸರು ಭೂಮಿಯನ್ನು ದಾನಕೊಟ್ಟಾಗ ಅದನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯಿಸುತ್ತಿದ್ದರು. ಹಲಗೆಗಳ ಅಂಚಿನ ರಂಧ್ರದ ಮೂಲಕ ಒಂದು ಬಳೆಯನ್ನು ತೂರಿಸಿ, ಬಳೆಯ ಎರಡು ತುದಿಗಳನ್ನು ಸೇರಿಸಿ ಅದರ ಮೇಲೆ ರಾಜಮುದ್ರೆಯನ್ನು ಕೂಡಿಸುತ್ತಿದ್ದರು. ರಾಷ್ಟ್ರಕೂಟರ ಮುದ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಗರುಡ. ಬಳೆಯನ್ನು ಕತ್ತರಿಸದೆ ನಡುವಿನ ಹಲಗೆಯನ್ನು ಬದಲಾಯಿಸುವಂತಿರಲಿಲ್ಲ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮುದ್ರೆ ಶಾಸನದ ಬರಹವನ್ನು ಬಚ್ಚಿಡುವುದಿಲ್ಲ. ಅಕ್ಷರ ಬಲ್ಲ ಯಾರು ಬೇಕಾದರೂ ಅದನ್ನು ಓದಬಹುದು. ಈ ಬರಹ ಇಂಥವರದು, ಇದರಲ್ಲಿ ಬದಲಾವಣೆಯಾಗಿಲ್ಲ ಎಂಬುದನ್ನು ಮಾತ್ರ ಅದು ಸಾರುತ್ತದೆ. ಇಂದಿನ ಪ್ರಮಾಣಪತ್ರವೂ ಹಾಗೆಯೇ. ಅದು ಗುಟ್ಟಿನ ಕಾಗದವಲ್ಲ, ಕೇಳಿದವರಿಗೆಲ್ಲ ತೋರಿಸತಕ್ಕದ್ದು. ಅದರಲ್ಲಿ ಹೆಸರು, ಆ ಹೆಸರಿನವರ ತೆರೆದ ಬೀಗ, ಜಾರಿಗೆ ಬರುವ ಮತ್ತು ಮುಗಿಯುವ ದಿನಾಂಕಗಳು, ಕೊಟ್ಟವರ ಮೊಹರು ಇವಿಷ್ಟು ಮುಖ್ಯವಾಗಿ ಇರುತ್ತವೆ.

ಮುದ್ರೆಯಿದ್ದಲ್ಲಿ ಕಳ್ಳಮುದ್ರೆಯೂ ಇರುತ್ತದೆ. ರಾಜನ ಹೆಸರಿನಲ್ಲಿ ಸುಳ್ಳು ಶಾಸನವನ್ನು ಹುಟ್ಟಿಸಿದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸುತ್ತದೆ. ಇಂಥವುಗಳಿಗೆ ಕೂಟಶಾಸನವೆಂದು ಹೆಸರು. (ರಾಷ್ಟ್ರಕೂಟದ ಕೂಟವೇ ಬೇರೆ, ಈ ಕೂಟವೇ ಬೇರೆ.) ಗಂಗ ಅರಸರ ಹೆಸರಿನಲ್ಲಿ ದೊರೆತ ಹಲವು ತಾಮ್ರಪಟಗಳು ಕೂಟವೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದ್ದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದಿರಬಹುದು. ಲೋಹದ ಮುದ್ರೆಯ ದೌರ್ಬಲ್ಯವೇ ಅದು: ಕುಶಲನಾದ ಅಕ್ಕಸಾಲಿ ಅದರ ಪ್ರತಿಯನ್ನು ಎರಕಹೊಯ್ಯಬಲ್ಲ. ನಕಲು ಮಾಡಲು ಬಾರದ, ಆದರೆ ಎಲ್ಲರೂ ಪರೀಕ್ಷಿಸಬಹುದಾದ ಮುದ್ರೆ ಸಾಧ್ಯವೆ? ಸಾಧ್ಯವೆಂದು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಇಬ್ಬರು ತೋರಿಸಿಕೊಟ್ಟರು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅಮೆರಿಕದ ಎಂ.ಐ.ಟಿ.ಯಲ್ಲಿ ಅದಕ್ಕೆ ತಕ್ಕ ಲೆಕ್ಕವನ್ನು ಕಂಡುಹಿಡಿದರು. ಆ ಲೆಕ್ಕ ಎಷ್ಟು ಸರಳವೆಂದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಕಾಗದದ ಮೇಲೆ ಮಾಡಿ ನೋಡಬಹುದು.

3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಅವುಗಳ ಗುಣಲಬ್ಧ 33. ಈಗ ಎರಡನ್ನೂ ಒಂದೊಂದು ಕಡಿಮೆ ಮಾಡಿ ಗುಣಿಸಿದರೆ 2 × 10 = 20. ಇನ್ನು 3 ಮತ್ತು 7 ಎಂಬ ಜೋಡಿಯನ್ನು ನೋಡಿ: 3 × 7 = 21, ಅದನ್ನು 20ರಿಂದ ಭಾಗಿಸಿದರೆ ಶೇಷ 1. ಈ ಗುಣವುಳ್ಳ ಜೋಡಿಯೇ ನಮಗೆ ಬೇಕಾದದ್ದು. 33 ಮತ್ತು 3 ಇವುಗಳನ್ನು ಊರಿಗೆಲ್ಲ ಸಾರಿಬಿಡೋಣ; ಇದು ಬಹಿರಂಗ ಕೀಲಿಕೈ, ನಮ್ಮ ಕತೆಯ ತೆರೆದ ಬೀಗ. 7ನ್ನು ಮಾತ್ರ ಯಾರಿಗೂ ಹೇಳದೆ ಇಟ್ಟುಕೊಳ್ಳೋಣ. ಇದು ಗುಪ್ತ ಕೀಲಿಕೈ. ಈಗ 4 ಎಂಬ ಸಂದೇಶಕ್ಕೆ ಮೊಹರು ಒತ್ತಬೇಕು. 4ನ್ನು ಏಳು ಸಲ ತನ್ನಿಂದಲೇ ಗುಣಿಸಿ, ಎಂದರೆ 4ರ ಏಳನೆಯ ಘಾತವನ್ನು ಕಂಡುಹಿಡಿಯಿರಿ: 16384. ಅದನ್ನು 33ರಿಂದ ಭಾಗಿಸಿದರೆ ಉಳಿಯುವ ಶೇಷ 16. ಇದೇ ಮೊಹರು. ‘ಸಂದೇಶ 4, ಮೊಹರು 16’ ಎಂದು ಕಳುಹಿಸುತ್ತೇವೆ. ಪಡೆದವನು 16ರ ಘನವನ್ನು ಮಾಡುತ್ತಾನೆ: 4096. ಅದನ್ನು 33ರಿಂದ ಭಾಗಿಸಿದರೆ ಶೇಷ 4. ಸಂದೇಶದೊಡನೆ ತಾಳೆಯಾಯಿತು. ವಾಡಿಯ ಕಿಲಾಡಿ 4ನ್ನು 5 ಎಂದು ತಿದ್ದಿದ್ದರೆ ತಾಳೆಯಾಗುತ್ತಿರಲಿಲ್ಲ. 5ಕ್ಕೆ ಸರಿಯಾದ ಮೊಹರನ್ನು ತಾನೇ ಮಾಡೋಣವೆಂದರೆ 7 ಅವನಿಗೆ ತಿಳಿಯದು.

33ನ್ನು 3 ಮತ್ತು 11 ಎಂದು ಒಡೆದರೆ 7 ತಾನಾಗಿಯೇ ಸಿಕ್ಕಿಬಿಡುವುದಲ್ಲವೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬೇಕು. ನಿಜ, ಸಿಕ್ಕಿಬಿಡುತ್ತದೆ. ಈ ಕಾರಣದಿಂದಲೇ ನಿಜಜೀವನದಲ್ಲಿ ಬಳಸುವ ಗುಣಲಬ್ಧದಲ್ಲಿ ಎರಡಲ್ಲ, ಸುಮಾರು 617 ಅಂಕಿಗಳಿರುತ್ತವೆ. ಒಂದು ಸಂಖ್ಯೆ ಅವಿಭಾಜ್ಯವೆ ಅಲ್ಲವೆ ಎಂದು ಹೇಳುವುದು ಸುಲಭ. ಅದಕ್ಕೆ ನಿಶ್ಚಿತವಾದ, ಶೀಘ್ರವಾದ ಕ್ರಮವನ್ನು 2002ರಲ್ಲಿ ನಮ್ಮ ಕಾನ್ಪುರದ ಐ.ಐ.ಟಿ.ಯ ಅಗರವಾಲ್, ಕಯಾಲ್, ಸಕ್ಸೇನಾ ಅವರೇ ಕೊಟ್ಟಿದ್ದಾರೆ. ಆದರೆ ಗುಣಲಬ್ಧವನ್ನು ಒಡೆಯುವುದು ಬೇರೆಯ ಮಾತು. 2020ರಲ್ಲಿ 250 ಅಂಕಿಗಳ ಒಂದು ಸಂಖ್ಯೆಯನ್ನು ಒಡೆದಾಗ, ಒಂದೇ ಸಂಸ್ಕಾರಕವನ್ನು ಬಳಸಿದ್ದರೆ ಸುಮಾರು 2700 ವರ್ಷ ಹಿಡಿಯುವಷ್ಟು ಗಣನೆ ಬೇಕಾಯಿತು. ರಾಷ್ಟ್ರಕೂಟರ ಗರುಡನನ್ನು ಅಕ್ಕಸಾಲಿ ಎರಕಹೊಯ್ದಾನು. ಈ ಮುದ್ರೆಯನ್ನು ಎರಕಹೊಯ್ಯಲು ಅವನ ಆಯುಷ್ಯ ಸಾಲದು. ಸಂದೇಶ ಎಷ್ಟೇ ಉದ್ದವಾಗಿರಲಿ, ಅದನ್ನು ಮೊದಲು ಒಂದು ನಿಗದಿಯಾದ ಅಳತೆಯ ಸಾರಸಂಖ್ಯೆಗೆ ಅರೆದು, ಆ ಸಂಖ್ಯೆಗೆ ಮೊಹರು ಒತ್ತುವುದು ವಾಡಿಕೆ. ಮೂಲದಲ್ಲಿ ಒಂದು ಅಕ್ಷರ ಬದಲಾದರೂ ಸಾರಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಈ ಸಾರಸಂಖ್ಯೆಯನ್ನು ಪ್ರಮಾಣಪತ್ರದ ಬೆರಳಚ್ಚು ಎಂದೂ ಕರೆಯುತ್ತಾರೆ. ಮುಂದೆ ಇದು ನಮ್ಮ ಕೆಲಸಕ್ಕೆ ಬರುತ್ತದೆ.

ಮೊಹರು ನಕಲಾಗದೆ ಇರಬಹುದು. ಆದರೆ ಅದನ್ನು ಒತ್ತುವವನು ಯಾರು? ಪ್ರತಿಯೊಂದು ಬ್ರೌಸರು ಅಥವಾ ಕಾರ್ಯಾಚರಣ ವ್ಯವಸ್ಥೆ ತಾನು ನಂಬುವ ಮೂಲ ಸಂಸ್ಥೆಗಳ ಪಟ್ಟಿಯೊಂದನ್ನು ಒಳಗೆ ಇಟ್ಟುಕೊಂಡಿರುತ್ತದೆ. ಮೂಲ ಸಂಸ್ಥೆ ತನ್ನ ಕೈಕೆಳಗಿನ ಸಂಸ್ಥೆಗೆ ಮೊಹರು ಹಾಕಿಕೊಡುತ್ತದೆ, ಅದು ಬ್ಯಾಂಕಿನ ಪ್ರಮಾಣಪತ್ರಕ್ಕೆ ಮೊಹರು ಹಾಕುತ್ತದೆ. ಬ್ರೌಸರು ಈ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿ ತನ್ನ ಪಟ್ಟಿಯವರೆಗೆ ಬಂದರೆ ಮಾತ್ರ ಸುಮ್ಮನಿರುತ್ತದೆ. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಇಂಥ ಸಂಸ್ಥೆಗಳಿಗೆ ಪರವಾನಗಿ ಕೊಡಲು ಒಬ್ಬ ನಿಯಂತ್ರಕರಿದ್ದಾರೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಇಮುದ್ರಾ ಪರವಾನಗಿ ಪಡೆದ ಸಂಸ್ಥೆಗಳಲ್ಲೊಂದು. ಹೆಸರನ್ನು ಇಟ್ಟವರಿಗೆ ತಾಮ್ರಶಾಸನದ ನೆನಪಿತ್ತೊ ಏನೊ.

ಈ ಸಂಸ್ಥೆಗಳೂ ಎಡವಿದ್ದುಂಟು. 2011ರಲ್ಲಿ ಹಾಲೆಂಡಿನ ಡಿಜಿನೋಟಾರ್ ಎಂಬ ಸಂಸ್ಥೆಯೊಳಗೆ ಕಳ್ಳರು ನುಗ್ಗಿ ಗೂಗಲ್ ಹೆಸರಿನ ಸುಳ್ಳು ಪ್ರಮಾಣಪತ್ರವನ್ನು ಹುಟ್ಟಿಸಿಕೊಂಡರು. ಅದರ ನೆರವಿನಿಂದ ಇರಾನಿನ ಜನರ ಅಂಚೆಯನ್ನು ನಡುದಾರಿಯಲ್ಲಿ ಓದಲಾಯಿತು. ಆ ವರ್ಷವೇ ಸಂಸ್ಥೆ ದಿವಾಳಿಯಾಯಿತು. ನಮ್ಮಲ್ಲಿಯೂ 2014ರ ಜುಲೈ 2ರಂದು, ಕೇಂದ್ರ ಸರಕಾರದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಹೊರಟಿರುವುದು ಪತ್ತೆಯಾಯಿತು. ಮರುದಿನವೇ ನಿಯಂತ್ರಕರು ಆ ಕೊಂಡಿಯನ್ನು ರದ್ದುಮಾಡಿದರು. ಫೈರ್‌ಫಾಕ್ಸ್ ಬ್ರೌಸರು ತನ್ನದೇ ಬೇರೆ ಪಟ್ಟಿಯನ್ನು ಇಟ್ಟುಕೊಂಡಿದ್ದು ಅದರಲ್ಲಿ ಭಾರತದ ಆ ಮೂಲ ಸಂಸ್ಥೆ ಸೇರಿರದ ಕಾರಣ, ಅದನ್ನು ಬಳಸುವವರಿಗೆ ಬಾಧೆ ತಟ್ಟಲಿಲ್ಲ. ಇಂಥ ಕೂಟಶಾಸನಗಳನ್ನು ಬೇಗ ಹಿಡಿಯುವುದಕ್ಕಾಗಿ ಈಗ ಹೊರಡಿಸಿದ ಪ್ರತಿಯೊಂದು ಪ್ರಮಾಣಪತ್ರವನ್ನೂ ಸಾರ್ವಜನಿಕ ದಫ್ತರದಲ್ಲಿ ನಮೂದಿಸುವ ಪದ್ಧತಿ ಬಂದಿದೆ. 2018ರ ಏಪ್ರಿಲ್ 30ರ ನಂತರ ಹೊರಟ ಪ್ರಮಾಣಪತ್ರ ಆ ದಫ್ತರದಲ್ಲಿ ಇಲ್ಲದಿದ್ದರೆ ಕ್ರೋಮ್ ಬ್ರೌಸರು ಅದನ್ನು ಒಪ್ಪುವುದಿಲ್ಲ.

ಈಗ ನಮ್ಮ ಮನೆಯ ಪೆಟ್ಟಿಗೆಗೆ ಹಿಂದಿರುಗೋಣ. ಅದಕ್ಕೂ ಇಂಥ ಸಂಸ್ಥೆಯಿಂದ ಒಂದು ಮೊಹರು ತಂದುಬಿಡಬಾರದೆ? ತೊಡಕಿರುವುದು ಹೆಸರಿನಲ್ಲಿ. ‘ಹನುಮಪ್ಪನ ಗುಡಿಯ ಎದುರಿನ ಮನೆ’ ಎಂದು ಮಾತ್ರ ಬರೆದು ಕಾಗದವನ್ನು ಅಂಚೆಗೆ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಹನುಮಪ್ಪನ ಗುಡಿಯಿಲ್ಲದ ಊರೇ ನಮ್ಮಲ್ಲಿಲ್ಲ. ಶಹಾಬಾದ ಎಂದು ಬರೆದರೂ ಸಾಲದು. ಉತ್ತರಪ್ರದೇಶದಲ್ಲೊಂದು, ಹರಿಯಾಣದಲ್ಲೊಂದು ಶಹಾಬಾದಗಳಿವೆ. 192.168 ಎಂದು ಮೊದಲಾಗುವ ವಿಳಾಸಗಳು ಹನುಮಪ್ಪನ ಗುಡಿಯಂಥವು. ಅವುಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಲೆಂದು ಮೀಸಲಾಗಿ ಬಿಟ್ಟುಕೊಡಲಾಗಿದೆ. ಚಿಂಚೋಳಿಯ ಮನೆಯಲ್ಲಿಯೂ 192.168.1.1 ಉಂಟು, ಚಿಕಾಗೋದ ಮನೆಯಲ್ಲಿಯೂ ಉಂಟು. ಲೋಕದಲ್ಲಿ ಕೋಟಿಗಟ್ಟಲೆ ಯಂತ್ರಗಳಿಗಿರುವ ಒಂದೇ ಹೆಸರಿಗೆ ‘ಇದು ಇಂಥವರದೇ’ ಎಂದು ಪ್ರಾಮಾಣಿಕನಾದ ಯಾವನು ಮೊಹರು ಒತ್ತಿಯಾನು? ಹಿಂದೆ ಕೆಲವು ಸಂಸ್ಥೆಗಳು ಒತ್ತುತ್ತಿದ್ದವು. ಬ್ರೌಸರ್ ತಯಾರಕರೂ ಸಂಸ್ಥೆಗಳೂ ಸೇರಿ ಒಪ್ಪಿಕೊಂಡ ನಿಯಮದಂತೆ 2016ರ ಅಕ್ಟೋಬರ್ 1ರ ಹೊತ್ತಿಗೆ ಅಂಥವುಗಳನ್ನೆಲ್ಲ ರದ್ದುಗೊಳಿಸಬೇಕಾಯಿತು. ಎಂದರೆ, ಬ್ರೌಸರಿನ ಕೆಂಪು ಎಚ್ಚರಿಕೆ ಪೆಟ್ಟಿಗೆಯನ್ನು ಕಳ್ಳನೆಂದು ದೂರುತ್ತಿಲ್ಲ. ‘ಇದು ಯಾರೆಂದು ನನಗೆ ತಿಳಿಯದು, ತಿಳಿಸುವವರೂ ಯಾರೂ ಇಲ್ಲ’ ಎಂದಷ್ಟೆ ಅದು ಹೇಳುತ್ತಿದೆ.

ತಯಾರಕರು ಕಂಡುಕೊಂಡ ದಾರಿಯೆಂದರೆ ಪೆಟ್ಟಿಗೆ ತನಗೆ ತಾನೇ ಮೊಹರು ಒತ್ತಿಕೊಳ್ಳುವುದು. ಇದಕ್ಕೆ ಸ್ವಯಂಮುದ್ರಿತ ಪ್ರಮಾಣಪತ್ರ ಎನ್ನಬಹುದು. ಇದರಲ್ಲಿ ತಪ್ಪೇನೂ ಇಲ್ಲ. ಮೂಲ ಸಂಸ್ಥೆಗಳೂ ತಮಗೆ ತಾವೇ ಮೊಹರು ಒತ್ತಿಕೊಂಡವೇ. ಆದರೆ ಕೆಲವು ತಯಾರಕರು ಮಾಡಿದ ಸೋಮಾರಿತನ ಮಾತ್ರ ಕ್ಷಮಾರ್ಹವಲ್ಲ. 2015ರಲ್ಲಿ ಆಸ್ಟ್ರಿಯದ ಸಂಶೋಧಕರು 4000ಕ್ಕಿಂತ ಹೆಚ್ಚು ಬಗೆಯ ಇಂಥ ಪೆಟ್ಟಿಗೆಗಳ ತಂತ್ರಾಂಶವನ್ನು ಬಿಚ್ಚಿ ನೋಡಿದಾಗ ಸುಮಾರು 580 ಗುಪ್ತ ಕೀಲಿಕೈಗಳು ಅವುಗಳೊಳಗೆ ಅಚ್ಚಾಗಿರುವುದು ಕಂಡಿತು. ಒಂದು ಮಾದರಿಯ ಪೆಟ್ಟಿಗೆಗಳಿಗೆಲ್ಲ ಒಂದೇ ಗುಪ್ತ ಕೀಲಿಕೈ! ಅಂಗಡಿಯಲ್ಲಿ ಕೊಂಡ ಪ್ರತಿಯೊಂದು ಬೀಗಕ್ಕೂ ಒಂದೇ ಕೀಲಿಕೈ ಹೊಂದುವಂತಿದ್ದರೆ ಅದನ್ನು ಬೀಗವೆನ್ನುವುದಾದರೂ ಹೇಗೆ?

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಭೌತಶಾಸ್ತ್ರದ ವಿದ್ಯಾರ್ಥಿಗೆ ಕೌತುಕವನ್ನುಂಟುಮಾಡತಕ್ಕದ್ದು. ಅವಿಭಾಜ್ಯ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ, ಎಂದರೆ ದಾಳವನ್ನು ಎಸೆದಂತೆ, ಆರಿಸಬೇಕು. ಕಂಪ್ಯೂಟರಾದರೋ ನಿಯಮಬದ್ಧವಾದ ಯಂತ್ರ; ತಾನಾಗಿ ದಾಳ ಎಸೆಯಲು ಅದಕ್ಕೆ ಬಾರದು. ಕೀಲಿಮಣೆಯ ಮೇಲೆ ಬೆರಳುಗಳ ಹೊಡೆತದ ನಡುವಿನ ಅಂತರ, ಡಿಸ್ಕಿನ ತಡವರಿಕೆ, ವಿದ್ಯುನ್ಮಂಡಲದ ಗದ್ದಲ ಮುಂತಾದವುಗಳಿಂದ ಅದು ಅನಿಶ್ಚಿತತೆಯನ್ನು ಎರವಲು ಪಡೆಯುತ್ತದೆ. ಆಗತಾನೆ ಡಬ್ಬದಿಂದ ಹೊರತೆಗೆದ ರೌಟರಿಗೆ ಕೀಲಿಮಣೆಯೂ ಇಲ್ಲ, ಡಿಸ್ಕೂ ಇಲ್ಲ. ವಿದ್ಯುತ್ತು ಹರಿದ ಕೆಲವೇ ಕ್ಷಣಗಳಲ್ಲಿ ಅದು ತನ್ನ ಕೀಲಿಕೈಗಳನ್ನು ಮಾಡಿಕೊಳ್ಳಹೊರಟರೆ, ಕಾರ್ಖಾನೆಯ ಅವಳಿ ಪೆಟ್ಟಿಗೆಯೊಂದು ಆರಿಸಿದ ಅವಿಭಾಜ್ಯ ಸಂಖ್ಯೆಯನ್ನೇ ಇದೂ ಆರಿಸಬಹುದು. ಎರಡನೆಯ ಸಂಖ್ಯೆಯ ಹೊತ್ತಿಗೆ ಮಾತ್ರ ಇವೆರಡರ ದಾರಿ ಬೇರೆಯಾಗಿರುತ್ತದೆ. ಒಂದರ ಗುಣಲಬ್ಧ 143, ಇನ್ನೊಂದರದು 187 ಎನ್ನೋಣ. ಒಂದೊಂದನ್ನೇ ಒಡೆಯುವುದು ಕಷ್ಟವಿರಬಹುದು. ಆದರೆ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಯೂಕ್ಲಿಡನ ಹಳೆಯ ಕ್ರಮದಿಂದ ಮಹತ್ತಮ ಸಾಮಾನ್ಯ ಅಪವರ್ತನವನ್ನು ಹುಡುಕಿದರೆ ಎರಡು ಮೂರು ಭಾಗಾಕಾರಗಳಲ್ಲಿ 11 ಹೊರಬೀಳುತ್ತದೆ. ಎರಡು ಬೀಗಗಳೂ ಒಮ್ಮೆಗೇ ತೆರೆಯುತ್ತವೆ. 617 ಅಂಕಿಗಳಿದ್ದರೂ ಈ ಲೆಕ್ಕಕ್ಕೆ ಕ್ಷಣಕಾಲ ಸಾಕು. 2012ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಕಂಡ ಬೀಗಗಳನ್ನೆಲ್ಲ ಕೂಡಿಹಾಕಿ ಈ ಲೆಕ್ಕ ಮಾಡಿದಾಗ, ಪ್ರಮಾಣಪತ್ರವುಳ್ಳ ಯಂತ್ರಗಳಲ್ಲಿ ನೂರಕ್ಕೆ 0.50ರಷ್ಟರ ಗುಪ್ತ ಕೀಲಿಕೈಗಳು ಸಿಕ್ಕಿಬಿಟ್ಟವು. ಅವುಗಳಲ್ಲಿ ಹೆಚ್ಚಿನವು ರೌಟರಿನಂಥ ಪೆಟ್ಟಿಗೆಗಳೇ.

ಹೀಗಿರುವುದರಿಂದ ಮನೆಯವರು ಮಾಡಬೇಕಾದ ಮೊದಲನೆಯ ಕೆಲಸ ಪೆಟ್ಟಿಗೆಯ ಜೊತೆಗೆ ಬಂದ ಪ್ರಮಾಣಪತ್ರವನ್ನು ಕಿತ್ತುಹಾಕುವುದು. ಪೆಟ್ಟಿಗೆಯ ತಂತ್ರಾಂಶವನ್ನು ಹೊಸದಾಗಿಸಿ, ಒಂದೆರಡು ದಿನ ಅದು ಓಡಾಡಿಕೊಂಡಿದ್ದ ಮೇಲೆ, ಭದ್ರತೆಯ ಪುಟದಲ್ಲಿ ಹೊಸ ಪ್ರಮಾಣಪತ್ರವನ್ನು ಹುಟ್ಟಿಸುವ ಗುಂಡಿಯಿದ್ದರೆ ಅದನ್ನು ಒತ್ತಬೇಕು. ಆ ಹೊತ್ತಿಗೆ ಅದು ಸಾಕಷ್ಟು ಅನಿಶ್ಚಿತತೆಯನ್ನು ಕೂಡಿಹಾಕಿಕೊಂಡಿರುತ್ತದೆ. ಗುಂಡಿಯನ್ನೊತ್ತುವಾಗ ವೈ-ಫೈಯನ್ನು ಬಿಟ್ಟು, ಕಂಪ್ಯೂಟರನ್ನು ಒಂದು ತಂತಿಯಿಂದ ನೇರವಾಗಿ ಪೆಟ್ಟಿಗೆಗೆ ಸೇರಿಸಿ, ಉಳಿದೆಲ್ಲವನ್ನೂ ಕಳಚಿರಬೇಕು. ಎರಡು ಮೊಳದ ತಂತಿಯ ನಡುವೆ ವಾಡಿ ಜಂಕ್ಷನ್ ಇರುವುದಿಲ್ಲ! ಆಗ ಬ್ರೌಸರು ತೋರಿಸುವ ಪ್ರಮಾಣಪತ್ರದ ಬೆರಳಚ್ಚನ್ನು, ಅದು 64 ಅಂಕಿ-ಅಕ್ಷರಗಳ ಸಾಲು, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಮುಂದೆ ಯಾವ ಯಂತ್ರದಿಂದ ಎಚ್ಚರಿಕೆ ಬಂದರೂ ಆ ಸಾಲನ್ನು ತಾಳೆ ನೋಡಿ, ಸರಿಯಾಗಿದ್ದರೆ ಆ ಒಂದು ಪ್ರಮಾಣಪತ್ರವನ್ನು ನಂಬುವಂತೆ ಯಂತ್ರಕ್ಕೆ ತಿಳಿಸಬಹುದು. ಒಂದೇ ಪೆಟ್ಟಿಗೆಯಿರುವ ಮನೆಗೆ ಇಷ್ಟು ಸಾಕೆಂದು ನನ್ನ ಅಭಿಪ್ರಾಯ.

ಪೆಟ್ಟಿಗೆಗಳು ಮೂರು ನಾಲ್ಕಾದಾಗ ಮನೆಯಲ್ಲಿಯೇ ಒಂದು ಪುಟ್ಟ ಮೂಲ ಸಂಸ್ಥೆಯನ್ನು ಸ್ಥಾಪಿಸುವವರುಂಟು. ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶದಿಂದ ಒಂದು ಮೂಲಮುದ್ರೆಯನ್ನು ಮಾಡಿಕೊಂಡು, ಪ್ರತಿಯೊಂದು ಪೆಟ್ಟಿಗೆಯ ಪ್ರಮಾಣಪತ್ರಕ್ಕೂ ಅದನ್ನು ಒತ್ತಿ, ಮನೆಯ ಎಲ್ಲ ಮೊಬೈಲು ಕಂಪ್ಯೂಟರುಗಳ ಪಟ್ಟಿಗೆ ಆ ಮೂಲವನ್ನು ಸೇರಿಸುವುದು ಇದರ ಕ್ರಮ. ಪೆಟ್ಟಿಗೆಯ ಹೆಸರನ್ನೂ ಅಂಕಿವಿಳಾಸವನ್ನೂ ಪ್ರಮಾಣಪತ್ರದ ‘ಪರ್ಯಾಯ ಹೆಸರು’ಗಳ ಸ್ಥಾನದಲ್ಲಿ ಬರೆಯಲು ಮರೆತರೆ ಇಂದಿನ ಬ್ರೌಸರುಗಳು ಒಪ್ಪುವುದಿಲ್ಲ, ಅವಧಿ 825 ದಿನಗಳನ್ನು ಮೀರಿದರೆ ಆಪಲ್ ಕಂಪನಿಯ ಸಾಧನಗಳು ಒಪ್ಪುವುದಿಲ್ಲ. ಇವೆಲ್ಲ ಸಣ್ಣ ಮಾತುಗಳು. ದೊಡ್ಡ ಮಾತೆಂದರೆ, ಆ ಮೂಲಮುದ್ರೆಯ ಗುಪ್ತ ಕೀಲಿಕೈ ಕಳ್ಳನ ಕೈಗೆ ಸಿಕ್ಕರೆ ಅವನು ನಮ್ಮ ಪೆಟ್ಟಿಗೆಯ ಹೆಸರಿಗೆ ಮಾತ್ರವಲ್ಲ, ಯಾವ ಬ್ಯಾಂಕಿನ ಹೆಸರಿಗೆ ಬೇಕಾದರೂ ಮೊಹರು ಒತ್ತಬಲ್ಲ. ನಮ್ಮ ಮನೆಯ ಮೊಬೈಲುಗಳು ಅದನ್ನು ಮರುಮಾತಿಲ್ಲದೆ ನಂಬುತ್ತವೆ. ಆದುದರಿಂದ ಅದನ್ನು ಪೆಟ್ಟಿಗೆಯಲ್ಲಿಯೇ ಇಡುವುದು ತಿಜೋರಿಯ ಕೀಲಿಕೈಯನ್ನು ತಿಜೋರಿಯ ಬಾಗಿಲಿಗೇ ನೇತುಹಾಕಿದಂತೆ. ಒಂದು ಪೆನ್‌ಡ್ರೈವಿನಲ್ಲಿಟ್ಟು, ಅದಕ್ಕೂ ಗುಪ್ತಪದ ಹಾಕಿ, ಪೆಟ್ಟಿಗೆಗಳಿಂದ ದೂರವಾಗಿ ಇರಿಸಬೇಕು. ಅಷ್ಟು ಶಿಸ್ತು ಇಲ್ಲದವರು ಈ ದಾರಿಗೆ ಹೋಗದಿರುವುದೇ ಲೇಸು.

ಮೂರನೆಯ ದಾರಿ ಪೆಟ್ಟಿಗೆಗೆ ಲೋಕದಲ್ಲಿ ಎಲ್ಲಿಯೂ ಇಲ್ಲದ ನಿಜವಾದ ಹೆಸರೊಂದನ್ನು ಕೊಡುವುದು. ವರ್ಷಕ್ಕೆ ಇಷ್ಟೆಂದು ಹಣ ಕೊಟ್ಟು ಡೊಮೇನ್ ಹೆಸರೊಂದನ್ನು ಪಡೆದವರಿಗೆ, 2015ರ ಕೊನೆಯಲ್ಲಿ ಸಾರ್ವಜನಿಕರಿಗೆ ತೆರೆದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಧರ್ಮಸಂಸ್ಥೆ ಹಣ ಕೇಳದೆ ಪ್ರಮಾಣಪತ್ರವನ್ನು ಕೊಡುತ್ತದೆ. ಹೆಸರು ನಮ್ಮದೇ ಎಂದು ತೋರಿಸಲು, ಅದು ಹೇಳಿದ ಒಂದು ಗುರುತನ್ನು ಆ ಹೆಸರಿನ ದಾಖಲೆಯಲ್ಲಿ ಬರೆದು ತೋರಿಸಿದರಾಯಿತು. ಪೆಟ್ಟಿಗೆಯನ್ನು ಹೊರಲೋಕಕ್ಕೆ ತೆರೆದಿಡಬೇಕಾಗಿಲ್ಲ. ಚಿಂಚೋಳಿಯ ಮನೆಯಲ್ಲಿರುವ ನ್ಯಾಸ್ ಪೆಟ್ಟಿಗೆಯನ್ನು ಕಲಬುರಗಿಯ ಹಾಸ್ಟೆಲಿನಿಂದ ಬಳಸಬೇಕೆನ್ನುವ ವಿದ್ಯಾರ್ಥಿಗೆ ಇದು ಒಪ್ಪುವ ದಾರಿ. ಆದರೆ ಹಿಂದೆ ಹೇಳಿದ ಸಾರ್ವಜನಿಕ ದಫ್ತರವನ್ನು ಮರೆಯಬಾರದು. ಪೆಟ್ಟಿಗೆಗೆ ಮನೆತನದ ಹೆಸರನ್ನೋ ಊರಿನ ಹೆಸರನ್ನೋ ಇಟ್ಟರೆ ಅದು ಆ ದಫ್ತರದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಏನನ್ನೂ ಸೂಚಿಸದ ಹೆಸರನ್ನಿಡುವುದು ಒಳ್ಳೆಯದು.

ಈ ಪ್ರಮಾಣಪತ್ರದ ಆಯುಷ್ಯ 90 ದಿನ. ಇತರ ಸಂಸ್ಥೆಗಳವೂ ದೀರ್ಘಾಯುಗಳಲ್ಲ. 2020ರ ಸೆಪ್ಟೆಂಬರಿನಲ್ಲಿ 398 ದಿನಗಳಿಗೆ ಇಳಿದ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಗಳಿಗೂ, 2027ರ ಅದೇ ದಿನದಿಂದ 100 ದಿನಗಳಿಗೂ, 2029ರ ಅದೇ ದಿನದಿಂದ 47 ದಿನಗಳಿಗೂ ಇಳಿಸುವುದೆಂದು 2025ರ ಏಪ್ರಿಲಿನಲ್ಲಿ ನಿರ್ಧಾರವಾಯಿತು. ಕೀಲಿಕೈ ಕಳುವಾದರೆ ಪ್ರಮಾಣಪತ್ರವನ್ನು ರದ್ದುಮಾಡಿದ ಸುದ್ದಿ ಎಲ್ಲ ಬ್ರೌಸರುಗಳಿಗೂ ಸಕಾಲದಲ್ಲಿ ತಲಪುವ ಭರವಸೆಯಿಲ್ಲ. ಬೇಗ ಸಾಯುವ ಪ್ರಮಾಣಪತ್ರವಾದರೆ ಕಳ್ಳನಿಗೂ ಬೇಗನೆ ನಿರುಪಯೋಗಿ. ಇಷ್ಟು ಬೇಗ ಬೇಗನೆ ಕೈಯಿಂದ ನವೀಕರಿಸುತ್ತ ಕೂರುವುದು ಯಾರಿಂದಲೂ ಆಗದ ಕೆಲಸ. ಪೆಟ್ಟಿಗೆಯೇ ತಾನಾಗಿ ನವೀಕರಿಸಿಕೊಳ್ಳುವ ಏರ್ಪಾಡು ಇದ್ದರೆ ಮಾತ್ರ ಈ ದಾರಿಯನ್ನು ಹಿಡಿಯಬೇಕು.

ಅವಧಿಯ ಮಾತು ಬಂದಾಗ ಗಡಿಯಾರದ ಮಾತೂ ಬರಬೇಕು, ಅದರಲ್ಲಿಯೂ ವಿದ್ಯುತ್ತು ಆಗಾಗ ಕೈಕೊಡುವ ಊರುಗಳಲ್ಲಿ. ಕೈಗಡಿಯಾರದಂತೆಯೇ ಕಂಪ್ಯೂಟರಿನಲ್ಲಿಯೂ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವೊಂದು ಇರುತ್ತದೆ. ವಿದ್ಯುತ್ತು ಹೋದಾಗ ಸಣ್ಣ ಬ್ಯಾಟರಿಯೊಂದು ಅದನ್ನು ನಡೆಸುತ್ತದೆ. ಆ ಸ್ಫಟಿಕ 25 ಡಿಗ್ರಿಯ ಸುತ್ತ ಸರಿಯಾಗಿ ನಡೆಯುವಂತೆ ಕತ್ತರಿಸಿದ್ದು; ನಮ್ಮ ಬೇಸಗೆಯ 45 ಡಿಗ್ರಿಯಲ್ಲಿ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಂದುಳಿಯುತ್ತದೆ. ದಿನಗಳಲ್ಲಿ ಎಣಿಸುವ ಪ್ರಮಾಣಪತ್ರಕ್ಕೆ ಇದರಿಂದ ಬಾಧೆಯಿಲ್ಲ. ಬಾಧೆಯಿರುವುದು ಬ್ಯಾಟರಿಯೇ ಇಲ್ಲದ ಅಗ್ಗದ ಪೆಟ್ಟಿಗೆಗಳಲ್ಲಿ. ವಿದ್ಯುತ್ತು ಹೋಗಿ ಬಂದಾಗ ಅವುಗಳಲ್ಲಿ ಹಲವು ತಮ್ಮ ಕಾಲವನ್ನು 1970ರ ಜನವರಿ 1 ಎಂದು ಮೊದಲುಮಾಡುತ್ತವೆ. ಆಗ ಅವುಗಳ ಕಣ್ಣಿಗೆ ಲೋಕದ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೆ ಬಂದಿರುವುದಿಲ್ಲ; ನವೀಕರಿಸುವ ಸಂಸ್ಥೆಯ ಪ್ರಮಾಣಪತ್ರವನ್ನೇ ನಂಬದ ಪೆಟ್ಟಿಗೆ ನವೀಕರಣವನ್ನೂ ಮಾಡಿಕೊಳ್ಳುವುದಿಲ್ಲ. ಆ ಕ್ಷಣದಲ್ಲಿ ಹುಟ್ಟಿಸಿದ ಸ್ವಯಂಮುದ್ರಿತ ಪ್ರಮಾಣಪತ್ರದ ಮೇಲೂ 1970ರ ದಿನಾಂಕವೇ ಬೀಳುತ್ತದೆ, ಹತ್ತು ವರ್ಷದ ಅವಧಿಯಾದರೆ ಹುಟ್ಟುವಾಗಲೇ ಅದು ಸತ್ತಿರುತ್ತದೆ! ಪೆಟ್ಟಿಗೆಯ ಸಮಯದ ಪುಟದಲ್ಲಿ ಭಾರತದ ಕಾಲಮಾನವನ್ನು ಆರಿಸಿ, ಹೊರಗಿನ ಕಾಲಸೇವೆಯಿಂದ ಸಮಯವನ್ನು ಕೇಳಿಕೊಳ್ಳುವ ಏರ್ಪಾಡನ್ನು ಚಾಲೂ ಮಾಡಿರಬೇಕು. ಕಾರಣ ತಿಳಿಯದ ಎಚ್ಚರಿಕೆ ಕಂಡಾಗ ಎರಡೂ ಕಡೆಯ ಗಡಿಯಾರವನ್ನು ಮೊದಲು ನೋಡುವುದು ಅನುಭವಸ್ಥರ ರೂಢಿ.

ಪೆಟ್ಟಿಗೆ ಹಳೆಯದಾಗಿ ಗುಜರಿಯವನಿಗೆ ಕೊಡುವಾಗಲೂ ಒಂದು ಕೆಲಸ ಉಳಿದಿರುತ್ತದೆ. ದೀಪ ಆರಿದರೂ ಗುಪ್ತ ಕೀಲಿಕೈ ಅದರ ಸ್ಮೃತಿಕೋಶದಲ್ಲಿ ಹಾಗೆಯೇ ಇರುತ್ತದೆ. ಕೊಡುವ ಮುನ್ನ ಹಿಂಭಾಗದ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಕಡ್ಡಿಯಿಂದ ಹತ್ತು ಹದಿನೈದು ಸೆಕೆಂಡು ಒತ್ತಿಹಿಡಿದು ಎಲ್ಲವನ್ನೂ ಅಳಿಸಬೇಕು. ಆಮೇಲೆ ಅದರ ಪ್ರಮಾಣಪತ್ರವನ್ನು ನಂಬಿದ್ದ ಮೊಬೈಲು ಕಂಪ್ಯೂಟರುಗಳ ಪಟ್ಟಿಯಿಂದ ಆ ಹೆಸರನ್ನು ತೆಗೆದುಹಾಕಬೇಕು.